ಏಕಾದಶಿಯಲ್ಲಿ ತಿಂದದ್ದು ತಿಂದ ಲೆಕ್ಕವಲ್ಲ

"ಕಾಕು, ಉಪವಾಸಕ್ಕೆ ಏನು ಮಾಡ್ಕೊಂಡಿದ್ರಿ?"

ನಾನು ಕೇಳಿದ್ದೇ ತಡ, ಆಪರೇಷನ್ ಥಿಯೇಟರ್ ಬಾಗಿಲಲ್ಲಿ ಸ್ಟ್ರೆಚರ್ ಮೇಲೆ ಮಲಗಿದ್ದ ಕಮಲಾಬಾಯಿಯವರ ಮುಖ ಅರಳಿತು. "ಸಾಬೂದಾಣಿ ಖಿಚಡಿ ಮಾಡಿದ್ನವಾ. ಶೇಂಗಾ ಪುಡಿ ಹಾಕಿ, ತುಪ್ಪದಾಗ. ಜಲ್ದಿ ಎಬ್ಬಿಸಿ ಇವರಿಗೂ ಕೊಟ್ಟೆ."

ಸಬ್ಬಕ್ಕಿ ಖಿಚಡಿ! ಆಪರೇಷನ್ ಅಲ್ಲಿಗೇ ನಿಂತಿತು.

ನಾನು ಅರಿವಳಿಕೆ ಕೊಡುವ ಡಾಕ್ಟರ್. ಹುಟ್ಟೂರು ಮೈಸೂರು, ಈಗ ನಾಗಪುರದ ಬಜಾಜ್ ನಗರದಲ್ಲಿ ಮನೆ. ಕಮಲಾಬಾಯಿ ವಿಜಯಪುರದ ಕಡೆಯವರು (ಅಲ್ಲಿ ಚಿಕ್ಕಮ್ಮನಿಗೆ ಕಾಕು ಎನ್ನುತ್ತಾರೆ), ಯಜಮಾನರು ರೈಲ್ವೆಯಲ್ಲಿ ಟ್ರಾನ್ಸ್‌ಫರ್ ಆಗಿ ಬಂದು ಇಲ್ಲೇ ರಿಟೈರ್ ಆದವರು. ಕಾಕುವಿಗೆ ಪಿತ್ತಕೋಶದಲ್ಲಿ ಕಲ್ಲು, ಅದನ್ನು ತೆಗೆಸಲು ಬಂದಿದ್ದರು.

ಹೊಟ್ಟೆಯಲ್ಲಿ ಆಹಾರ ಇರುವಾಗ ಅರಿವಳಿಕೆ ಕೊಟ್ಟರೆ, ಅದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ಜೀವಕ್ಕೇ ಸಂಚಕಾರ. ಅದಕ್ಕೇ ಏನಾದರೂ ತಿಂದಿದ್ದೀರಾ ಎಂದು ಎಲ್ಲರೂ ಮತ್ತೆ ಮತ್ತೆ ಕೇಳುತ್ತೇವೆ.

ಅವತ್ತೂ ಕೇಳಿದ್ದರು. ಜೂನಿಯರ್ ಡಾಕ್ಟರ್ ಹಿಂದಿಯಲ್ಲಿ, ಸಿಸ್ಟರ್ ಮರಾಠಿಯಲ್ಲಿ. ಇಬ್ಬರಿಗೂ ಕಾಕು ಕೊಟ್ಟ ಉತ್ತರ ಒಂದೇ... ಏನೂ ತಿಂದಿಲ್ಲ, ಇವತ್ತು ಏಕಾದಶಿ, ಉಪವಾಸ.

ಅವರಿಬ್ಬರೂ ನಿಶ್ಚಿಂತರಾದರು. ನನಗೆ ಮಾತ್ರ 'ಏಕಾದಶಿ' ಎಂದು ಕಿವಿಗೆ ಬಿದ್ದಾಗಲೇ ಅನುಮಾನ ಬಂತು.

ಏಕೆಂದರೆ ನಮ್ಮ ಅತ್ತೆಯನ್ನು ನಾನು ಬಲ್ಲೆ. ಏಕಾದಶಿಯ ದಿನ "ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಕಣೇ" ಎನ್ನುತ್ತಲೇ ಎರಡನೇ ಸಲ ಉಪ್ಪಿಟ್ಟು ಹಾಕಿಸಿಕೊಳ್ಳುತ್ತಾರೆ! ಅನ್ನ ಮುಟ್ಟಿಲ್ಲವಲ್ಲ, ಇನ್ನೇನು ಬೇಕು?

ತಮಾಷೆ ಏನೆಂದರೆ ಈ ದಿನವನ್ನು ಆರಿಸಿದ್ದೇ ಕಾಕು. ಖಾಲಿ ಹೊಟ್ಟೆಯಲ್ಲಿ ಬರಬೇಕು ಎಂದಿದ್ದಕ್ಕೆ, ಹೇಗೂ ಉಪವಾಸ ಇರುತ್ತೇನಲ್ಲ, ಏಕಾದಶಿಯೇ ಬರೋಬರ್ ಎಂದು ಪಂಚಾಂಗ ನೋಡಿ ಡೇಟ್ ತೆಗೆದುಕೊಂಡಿದ್ದರು.

ಸರ್ಜನ್‌ಗೆ ಸಿಟ್ಟು ನೆತ್ತಿಗೇರಿತು. ಎಲ್ಲರೆದುರೇ "ಮಾವಶೀ, ಝೂಠ್ ಕ್ಯೋಂ ಬೋಲಾ?" ಎಂದು ಗದರಿದರು. ಸುಳ್ಳು ಯಾಕೆ ಹೇಳಿದಿರಿ ಎಂದು.

ಯಜಮಾನರೂ ಸುಮ್ಮನಿರಲಿಲ್ಲ. "ತಿಂದೀನಿ ಅಂತ ಹೇಳಾಕ ನಿನಗೇನಾಗಿತ್ತ? ಇಷ್ಟ ಮಂದಿ ಮುಂದ ನನ್ನ ಮರ್ಯಾದಿ ತಗದಿ!" ಅದೇ ಖಿಚಡಿಯ ತಾಟು ಖಾಲಿ ಮಾಡಿ ಬಂದಿದ್ದ ಮಹಾನುಭಾವರು ಇವರು.

ಕಾಕು ಗಂಡನನ್ನು ನೋಡಲಿಲ್ಲ, ಸರ್ಜನ್‌ರನ್ನೂ ನೋಡಲಿಲ್ಲ. ನನ್ನ ಕೈ ಹಿಡಿದುಕೊಂಡರು. ಕಣ್ಣಲ್ಲಿ ನೀರು.

"ಏಕಾದಶಿ ದಿನಾ ನಾ ಸುಳ್ಳ ಹೇಳತೀನೇನವಾ?"

ಆಪರೇಷನ್ ನಿಂತಿದ್ದರ ಚಿಂತೆ ಅವರಿಗಿರಲಿಲ್ಲ. ವ್ರತದ ದಿನ ಸುಳ್ಳಿಯ ಪಟ್ಟ ಕಟ್ಟಿಬಿಟ್ಟರಲ್ಲ ಎಂಬ ಸಂಕಟ. ಸರ್ಜನ್ ಸೀನಿಯರ್ ಆದರೇನಂತೆ, ಅವರತ್ತ ತಿರುಗಿ ಬಾಯಿ ಬಿಟ್ಟೆ.

ಸರ್, ಇಂಗ್ಲಿಷಿನಲ್ಲಿ 'ಈಟ್' ಅಂದರೆ ಮುಗಿಯಿತು, ಅನ್ನ, ಹಣ್ಣು, ಬಿಸ್ಕತ್ತು, ಖಿಚಡಿ ಎಲ್ಲಾ ಅದರೊಳಗೇ ಬಂತು. ನಮ್ಮಲ್ಲಿ ಹಾಗಲ್ಲ. ರೊಟ್ಟಿ ಉಣ್ಣುತ್ತೇವೆ, ಚಕ್ಕುಲಿ ತಿನ್ನುತ್ತೇವೆ, ಉಪವಾಸದ ದಿನ ಅನ್ನ ಬಿಟ್ಟು ಫಳಾರ ಮಾಡುತ್ತೇವೆ. ಫಳಾರ ಮಾಡಿದವರು ಉಪವಾಸ ಇದ್ದವರೇ! ನಾವು ಕೇಳಿದ್ದಕ್ಕೆ ಅವರು ನಿಜವನ್ನೇ ಹೇಳಿದ್ದಾರೆ. ನಮ್ಮ ಇಂಗ್ಲಿಷ್ ಪ್ರಶ್ನೆಯನ್ನು ಹಾಗೇ ಹಿಂದಿ, ಮರಾಠಿಗೆ ತಂದವರು ನಾವು, ತಪ್ಪೂ ನಮ್ಮದೇ.

ಆಗ ಸಿಸ್ಟರ್ ಮೆಲ್ಲಗೆ, ತನಗೂ ಇವತ್ತು ಏಕಾದಶಿ, ತನ್ನ ಡಬ್ಬಿಯಲ್ಲೂ ಸಾಬೂದಾಣಿಯೇ ಇದೆ ಎಂದರು. ಬೆಳಿಗ್ಗೆ ಅದನ್ನೇ ತಿಂದು ಬಂದಿದ್ದರೂ, ಯಾರಾದರೂ ಕೇಳಿದ್ದರೆ ತಾನೂ ಏನೂ ತಿಂದಿಲ್ಲ ಅಂತಲೇ ಹೇಳುತ್ತಿದ್ದೆ ಎಂದು ನಕ್ಕರು. ಸರ್ಜನ್ ಹೊರಟುಹೋದರು.

ಆಪರೇಷನ್ ಮರುದಿನಕ್ಕೆ ಹೋಯಿತು. ಅಲ್ಲಿ ಇನ್ನೊಂದು ಪೇಚು. ಮರುದಿನ ದ್ವಾದಶಿ, ಬೆಳಿಗ್ಗೆ ಏನಾದರೂ ಬಾಯಿಗೆ ಹಾಕಿಕೊಂಡು ಪಾರಣೆ ಮಾಡದಿದ್ದರೆ ವ್ರತ ಪೂರ್ತಿಯಾಗುವುದಿಲ್ಲ!

ನಸುಕಿನಲ್ಲಿ ಎದ್ದು ಒಂದು ಚಮಚ ತುಳಸಿ ನೀರು ಕುಡಿಯಿರಿ, ಪಾರಣೆಯೂ ಆಯಿತು, ನನ್ನ ಅಭ್ಯಂತರವೂ ಇಲ್ಲ ಎಂದೆ. ಕಾಕು ಈಗ ಹುಷಾರಾಗಿದ್ದರು. "ಅದು ತಿಂದಂಗ ಆಗೂದಿಲ್ಲ ಹೌದಿಲ್ಲೋ? ಆಮ್ಯಾಲ ನೀವ ನನಗ ಅನಬ್ಯಾಡ್ರಿ ಮತ್ತ."

ಮರುದಿನ ಅದೇ ಬಾಗಿಲು, ಅದೇ ಸ್ಟ್ರೆಚರ್. ಸರ್ಜನ್ ನನಗಿಂತ ಮೊದಲೇ ಬಂದು ಪಕ್ಕದಲ್ಲಿ ನಿಂತಿದ್ದಾರೆ. "ಮಾವಶೀ, ಕಲ್ ಮೈನೇ ಗಲತ್ ಬೋಲಾ." ನಿನ್ನೆ ನಾನು ತಪ್ಪು ಮಾತಾಡಿದೆ ಎಂದು, ಎಲ್ಲರಿಗೂ ಕೇಳಿಸುವ ಹಾಗೆ. ನನಗೆ ಆ ಮನುಷ್ಯನ ಮೇಲೆ ಅವತ್ತು ಗೌರವ ಹೆಚ್ಚಾಯಿತು.

ನಾನು ಬಗ್ಗಿ, ಬೆಳಿಗ್ಗೆಯಿಂದ ಬಾಯೊಳಗೆ ಏನೇನು ಹೋಯಿತು ಎಂದು ಕೇಳಿದೆ. ಈಗ ನಾನು ಎಲ್ಲ ಪೇಷಂಟ್‌ಗಳಿಗೂ ಹೀಗೇ ಕೇಳುವುದು.

"ತುಳಸಿ ನೀರ ಒಂದ ಚಮಚ. ಅಷ್ಟ." ಆಮೇಲೆ ಸರ್ಜನ್ ಕಡೆ ಒಮ್ಮೆ ನೋಡಿ ನಕ್ಕರು. "ನಿನ್ನಿ ತಿಂದ ಬೈಗಳಾ ಒಂದ ಹೊಟ್ಟ್ಯಾಗ ಕುಂತಿತ್ತು. ಅದೂ ಈಗ ಕರಗಿತು. ಖಾಲಿ ಅದೀನಿ, ನಡೀರಿ ಒಳಗ."

ನಿಮ್ಮ ಮನೆಯಲ್ಲಿ ಏನೇನು ತಿಂದರೂ ತಿಂದ ಲೆಕ್ಕಕ್ಕೆ ಬರುವುದಿಲ್ಲ, ಹೇಳಿ... ಸ್ಟ್ರೆಚರ್ ಹತ್ತುವ ಮೊದಲೇ ಹೇಳಿಬಿಡಿ.