ಬದನೆ ಎಲೆಯ ಕೆಳಗಿನ ಕೆಂಪು ನುಸಿ

ಎಪ್ಪತ್ತರ ದಶಕದ ಕೊನೆಯಲ್ಲಿ ಗ್ರಾಮಸೇವಕನ ಕೆಲಸ ಸಿಕ್ಕಿ ನಾನು ಬೇವೂರಿಗೆ ಬಂದೆ. ಆಗ ನನಗೆ ಇಪ್ಪತ್ಮೂರು. ತರಬೇತಿ ಕೇಂದ್ರದಲ್ಲಿ ಕಲಿತ ವಿದ್ಯೆ ತಲೆಯಲ್ಲಿ ಇನ್ನೂ ಬಿಸಿಯಾಗಿತ್ತು. ಹೆಗಲಿಗೊಂದು ಚೀಲ, ಅದರೊಳಗೆ ಕೀಟಗಳ ಬಣ್ಣದ ಚಿತ್ರವಿದ್ದ ಪುಸ್ತಿಕೆ ಮತ್ತು ಒಂದು ಭೂತಗನ್ನಡಿ. ರೈತರಿಗೆ ಬುದ್ಧಿ ಹೇಳುವುದೇ ನನ್ನ ಕೆಲಸ ಎಂದು ನಾನು ನಂಬಿದ್ದೆ.

ಬಾಡಿಗೆಗೆ ಸಿಕ್ಕಿದ್ದು ಒಬ್ಬ ಬಡಿಗರ ಮನೆಯ ಮುಂದಿನ ಕೋಣೆ. ಬಡಿಗರು ರೈತರಿಗೆ ಬಿತ್ತುವ ಕೂರಿಗೆ, ಕಳೆ ತೆಗೆಯುವ ಕುಂಟೆ ಮಾಡಿಕೊಡುತ್ತಿದ್ದರು. ಅವರ ಹೆಂಡತಿಗೆ ಐವತ್ತರ ಆಸುಪಾಸು. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ನಾನು ಅವರನ್ನು ಅವ್ವಾರ ಎನ್ನುತ್ತಿದ್ದೆ, ಅವರು ನನ್ನನ್ನು ಸಾಹೇಬ್ರ ಎನ್ನುತ್ತಿದ್ದರು. ಹಾಗನ್ನಬೇಡಿರಿ ಎಂದರೆ, "ಸರಕಾರದ ಚೀಲ ಹೆಗಲಿಗೆ ಹಾಕ್ಕೊಂಡ ಮ್ಯಾಲ ಸಾಹೇಬ್ರನ ಅಲ್ಲೇನ್ರಿ?" ಎಂದು ನಗುತ್ತಿದ್ದರು.

ಹಿತ್ತಿಲಲ್ಲಿ ಅವರು ಎರಡು ಸಾಲು ಮುಳ್ಳುಬದನೆ ಹಾಕಿದ್ದರು. ಒಂದೊಂದು ಸಾಲಿಗೆ ಹತ್ತು ಗಿಡ. ಒಂದು ಸಾಲು ಮನೆಯ ಗೋಡೆಗೆ ಹತ್ತಿರ, ಇನ್ನೊಂದು ಬಂಡಿದಾರಿಯ ಬೇಲಿಗೆ ಹತ್ತಿರ. ಬಾವಿಯಿಂದ ಹೊತ್ತು ತಂದ ನೀರಿನಲ್ಲಿ ಬೆಳೆದ ಗಿಡಗಳು. ನಮ್ಮ ಓಣಿಯಲ್ಲಿ ರೊಟ್ಟಿಗೆ ಎಣ್ಣೆಗಾಯಿ ಆಗುತ್ತಿದ್ದುದು ಬಹುಪಾಲು ಆ ಗಿಡಗಳಿಂದಲೇ.

ಯುಗಾದಿ ಕಳೆದು ಬಿಸಿಲು ಏರಿತು. ಒಂದು ಮುಂಜಾನೆ ಅವರು ಒಂದು ಎಲೆ ತಂದು ನನ್ನ ಮುಂದೆ ಹಿಡಿದರು. ಎಲೆಯ ಮೇಲೆಲ್ಲ ಸೂಜಿಯಿಂದ ಚುಚ್ಚಿದಂತೆ ಹಳದಿ ಚುಕ್ಕೆ. ಕೆಳಗೆ ತೆಳ್ಳನೆಯ ಬಲೆ. ಭೂತಗನ್ನಡಿ ಹಿಡಿದರೆ ಕೆಂಪು ಚುಕ್ಕೆಗಳು ಓಡಾಡುತ್ತಿದ್ದವು.

"ಕೆಂಪು ನುಸಿ. ರಸ ಹೀರೂ ಹುಳ," ಎಂದೆ ಗತ್ತಿನಿಂದ.

ಅವರು ಗಾಜು ಇಸಿದುಕೊಂಡರು. ಅಂಥದೊಂದು ಗಾಜಿನಲ್ಲಿ ಅವರು ನೋಡುತ್ತಿದ್ದುದು ಅದೇ ಮೊದಲು. ಹತ್ತಿರ ಹಿಡಿದು, ದೂರ ಹಿಡಿದು, ಉಸಿರು ಬಿಗಿಹಿಡಿದು ನೋಡಿದರು.

"ಅಯ್ಯ ನಮ್ಮವ್ವ! ಸಾಹೇಬ್ರ, ಇದಕ ಎಂಟು ಕಾಲು ಅದಾವಲ್ರಿ. ಇರಿವಿಗೆ ಆರು, ನೊಣಕ್ಕ ಆರು. ಇದು ಹುಳ ಅಲ್ರಿ, ಜ್ಯಾಡನ ಪೈಕಿ ಐತಿ. ಅದಕ್ಕ ಬಲಿ ನೇದೈತಿ ನೋಡ್ರಿ."

ಒಂದು ವರ್ಷ ತರಬೇತಿ ಪಡೆದ ನಾನು ಆ ಕಾಲುಗಳನ್ನು ಎಣಿಸಿರಲಿಲ್ಲ. ಆದರೂ ಸೋಲಲು ಮನಸ್ಸಿಲ್ಲದೆ, "ಯಾವುದಾದ್ರೂ ಇರಲಿ ಅವ್ವಾರ, ಪುಡಿ ಹೊಡದ್ರ ಎಲ್ಲಾ ಸಾಯ್ತಾವು," ಎಂದೆ. ಆಗ ಹತ್ತಿ, ಜೋಳ, ಕಾಯಿಪಲ್ಲೆ ಯಾವುದಕ್ಕಾದರೂ ನಾವು ಹೇಳುತ್ತಿದ್ದುದು ಒಂದೇ ಬಿಳಿ ಪುಡಿ.

ಅವರು ಗಾಜನ್ನು ನನ್ನ ಕೈಗಿಟ್ಟರು. ಆಮೇಲೆ ಹೇಳಿದರು, "ಗ್ವಾಡಿ ಕಡೆ ಸಾಲಿಗೆ ನೀವು ಹೊಡೀರಿ. ದಾರಿ ಕಡೇದು ನನಗ ಬಿಡ್ರಿ. ನಾ ನನ್ನ ರೀತಿ ಮಾಡಿ ನೋಡ್ತೀನಿ."

ದಾರಿಯ ಕಡೆಯ ಗಿಡಗಳಿಗೇ ನುಸಿ ಹೆಚ್ಚು ಹತ್ತಿತ್ತು. ಕಷ್ಟದ ಪಾಲನ್ನು ಅವರೇ ಇಟ್ಟುಕೊಂಡರು ಎಂಬುದು ನನಗೆ ಆಗ ಹೊಳೆಯಲಿಲ್ಲ.

ಮೂಗಿಗೆ ಬಟ್ಟೆ ಕಟ್ಟಿಕೊಂಡು ನಾನು ನನ್ನ ಸಾಲಿಗೆ ಪುಡಿ ಹೊಡೆದೆ. ಅರ್ಧ ಗಂಟೆಯ ಕೆಲಸ. ಕಾಯಿ ಹರಿಯಬೇಡಿರಿ ಎಂದು ಹೇಳಿ ಕೈ ತೊಳೆದುಕೊಂಡೆ. ಅವರ ಕೆಲಸ ಮೂರು ವಾರ ನಡೆಯಿತು. ರಾತ್ರಿ ಅಂಟುವಾಳಕಾಯಿ ನೆನೆಹಾಕುವರು. ಮುಂಜಾನೆ ಅದನ್ನು ಕಿವುಚಿ, ನೊರೆ ಎಬ್ಬಿಸಿ, ಬಿಸಿಲು ಬೀಳುವ ಮೊದಲೇ ಒಂದೊಂದೇ ಎಲೆಯನ್ನು ಅಂಗೈ ಮೇಲೆ ಮಲಗಿಸಿಕೊಂಡು, ಕೆಳಮೈಗೆ ಆ ನೀರು ಸವರುವರು. ಹಸುಗೂಸಿನ ಬೆನ್ನು ತೊಳೆದಂತೆ. ಮಾರನೆಯ ದಿನ ಬರೀ ನೀರು. ಮುಳ್ಳು ಚುಚ್ಚಿ ಬೆರಳು ಕೆಂಪಾಗುತ್ತಿದ್ದವು. ತೀರ ಕೆಟ್ಟ ಎಲೆಗಳನ್ನು ಕಿತ್ತು ಸೀದಾ ಒಲೆಗೆ ಹಾಕುವರು. ಬಚ್ಚಲ ನೀರನ್ನು ಹೊತ್ತೊಯ್ದು ಬಂಡಿದಾರಿಗೆ ಚಿಮುಕಿಸುವರು.

"ದಾರಿಗ್ಯಾಕ ನೀರು ಅವ್ವಾರ?" ಎಂದು ಕೇಳಿದೆ.

"ಧೂಳ ಕುಂತ ಗಿಡಕ್ಕನ ಇದು ಮೊದಲ ಹತ್ತತೈತ್ರಿ. ನಾಕು ಬ್ಯಾಸಿಗಿ ನೋಡೀನಿ. ಮಳಿ ಬಿದ್ದು ಎಲಿ ತೊಳದ್ರ ತಾನ ಹೋಗತೈತಿ. ಮಳಿ ಇಲ್ಲ, ಅದಕ್ಕ ನಾ ತೊಳೀತೀನಿ."

ಬಂಡಿ ಹೊಡೆಯುವವರು ಬೇಲಿಯಾಚೆ ನಿಂತು ನಕ್ಕರು. "ಏನ್ ಬೇ, ಬದನಿಗಿಡಕ್ಕ ಎಣ್ಣಿನೀರು ಹಾಕಾಕತ್ತಿಯೇನು?" ಎಂದು ಒಬ್ಬ ಕೂಗಿದ. ಅವರು ತಲೆ ಎತ್ತದೆ ಮುಂದಿನ ಎಲೆ ಹಿಡಿದರು.

ಮೊದಲ ನಾಲ್ಕೈದು ದಿನ ನನ್ನ ಸಾಲು ಚೊಕ್ಕಟವಾಗಿ ಕಂಡಿತು. ಹತ್ತನೆಯ ದಿನ ನೋಡುತ್ತೇನೆ, ಕುಡಿಯಿಂದ ಕುಡಿಗೆ ಬಲೆ ಹಬ್ಬಿದೆ, ಎಲೆಗಳು ತಾಮ್ರದ ಬಣ್ಣಕ್ಕೆ ತಿರುಗಿವೆ. ಮತ್ತೆ ಪುಡಿ ಹೊಡೆದೆ. ಇನ್ನೂ ಹೆಚ್ಚಾಯಿತು. ಅತ್ತ ದಾರಿಯ ಸಾಲಿನಲ್ಲಿ ಹೊಸ ಚಿಗುರು ಹಸಿರಾಗಿ ಬರುತ್ತಿತ್ತು.

ಒಂದು ದಿನ ಅವರು ನನ್ನನ್ನು ಕರೆದು ತಮ್ಮ ಗಿಡದ ಒಂದು ಎಲೆ ತೋರಿಸಿದರು. ಗಸಗಸೆ ಕಾಳಿಗಿಂತ ತುಸು ದೊಡ್ಡದಾದ ಒಂದು ಕರೀ ಹುಳ. "ಗಾಜು ಹಿಡದು ನೋಡ್ರಿ, ಏನ್ ಮಾಡಾಕತ್ತೈತಿ?"

ನೋಡಿದೆ. ಅದು ಒಂದು ನುಸಿಯನ್ನು ಕಚ್ಚಿ ಹಿಡಿದಿತ್ತು. ಮುಗಿಸಿ ಇನ್ನೊಂದಕ್ಕೆ ಹೋಯಿತು. ನನ್ನ ಸಾಲಿನಲ್ಲಿ ಎಲೆ ಎಲೆ ಹುಡುಕಿದೆವು. ಅಂಥ ಕರೀ ಹುಳ ಒಂದೂ ಸಿಗಲಿಲ್ಲ. ನನ್ನ ಪುಡಿ ನುಸಿಯನ್ನು ಬಿಟ್ಟು, ನುಸಿ ತಿನ್ನುವುದನ್ನು ಕೊಂದಿತ್ತು.

ಮುಖ ಕೆಳಗೆ ಹಾಕಿ ನಿಂತೆ. "ತಪ್ಪಾತ್ರಿ ಅವ್ವಾರ. ನಿಮ್ಮ ಗಿಡ ಹಾಳು ಮಾಡಿದೆ."

"ನಿಮ್ಮ ಪುಸ್ತಕ ಸುಳ್ಳಲ್ರಿ. ಅದನ್ನ ಬರದವ್ರು ನಮ್ಮ ಹಿತ್ತಲ ನೋಡಿಲ್ಲ, ಅಷ್ಟ. ಬರ್ರಿ, ಇವನ್ನೂ ತೊಳಿಯೂಣು."

ಅಂದಿನಿಂದ ನಾನೂ ಅವರ ಜೊತೆ ಕೂತೆ. ನಾನು ಒಂದು ಗಿಡ ಮುಗಿಸುವಷ್ಟರಲ್ಲಿ ಅವರದು ಮೂರು ಆಗುತ್ತಿತ್ತು. ನನ್ನ ಹತ್ತರಲ್ಲಿ ಆರು ಸತ್ತವು, ನಾಲ್ಕು ಉಳಿದವು. ಅವರ ಹತ್ತೂ ಉಳಿದವು.

ಆ ತಿಂಗಳು ಯಲಬುರ್ಗಾದಲ್ಲಿ ನಮ್ಮ ಗ್ರಾಮಸೇವಕರ ಸಭೆ. ರೈತರೂ ಬರುತ್ತಿದ್ದರು. ಎಷ್ಟು ಪುಡಿ ಹಂಚಿದ್ದೀರಿ ಎಂದು ಮೇಲಧಿಕಾರಿ ಒಬ್ಬೊಬ್ಬರನ್ನೇ ಕೇಳುತ್ತಾ ಬಂದರು. ನನ್ನ ಸರದಿ ಬಂದಾಗ ಎದ್ದು ನಿಂತು ನಡೆದದ್ದನ್ನೆಲ್ಲ ಹೇಳಿದೆ. ಅವರ ಹುಬ್ಬು ಗಂಟಿಕ್ಕಿತು. "ಯಾರು ಹೇಳಿದ್ರು ನಿಮಗ ಇದನ್ನ?"

"ಇಲ್ಲೇ ಅದಾರ್ರಿ," ಎಂದು ಬಾಗಿಲ ಕಡೆ ತೋರಿಸಿದೆ. ಅವ್ವಾರನ್ನು ಬೇಡಿಕೊಂಡು ನಾನೇ ಕರೆತಂದಿದ್ದೆ.

ಅಷ್ಟು ಗಂಡಸರ ನಡುವೆ ಅವರು ಸೆರಗು ತಲೆಮೇಲೆ ಎಳೆದುಕೊಂಡು ಮುಂದೆ ಬಂದರು. ಕೈಯಲ್ಲಿದ್ದ ಒದ್ದೆ ಬಟ್ಟೆಯ ಗಂಟು ಬಿಚ್ಚಿ ಎರಡು ಎಲೆ ಮೇಜಿನ ಮೇಲಿಟ್ಟರು. "ಇದು ಪುಡಿ ಹೊಡದದ್ದು, ಇದು ತೊಳದದ್ದು. ನಾ ಹೇಳೂದ್ ಏನೂ ಇಲ್ರಿ, ನೀವ ನೋಡ್ರಿ." ಅಷ್ಟೇ ಅವರ ಭಾಷಣ. ಅಧಿಕಾರಿ ಗಾಜು ಹಿಡಿದು ಬಹಳ ಹೊತ್ತು ಬಗ್ಗಿ ನೋಡಿದರು. ಕೊನೆಗೆ ಅವರು ತಾವೇ ಎದ್ದು ಕುರ್ಚಿ ಸರಿಸಿ, "ಕುಂದರ್ರಿ ಅಮ್ಮಾರ. ಆ ಅಂಟುವಾಳದ ನೀರು ಹೆಂಗ ಮಾಡ್ತೀರಿ, ಸಾವಕಾಶ ಹೇಳ್ರಿ," ಎಂದರು.

ವಾಪಸು ಬಸ್ಸಿನಲ್ಲಿ ಅವ್ವಾರಿಗೆ ಒಂದೇ ಚಿಂತೆ. "ಎಲ್ಲಾರ ಮುಂದ ತಪ್ಪು ಒಪ್ಪಿಕೊಂಡ್ರಿ. ನೌಕರಿಗೇನೂ ತೊಂದ್ರಿ ಇಲ್ಲಲ್ರಿ?" ತೊಂದರೆ ಏನೂ ಆಗಲಿಲ್ಲ.

ಮುಂದೆ ನನಗೆ ಗಂಗಾವತಿಗೆ ವರ್ಗವಾಯಿತು. ಕಾಲುವೆ ನೀರಿನ ಸೀಮೆ, ಔಷಧಿ ಡಬ್ಬಿಗಳ ಸೀಮೆ. ಅಲ್ಲಿ ಬೆಂಡೆ, ಬದನೆ ಹಾಕಿದವರಿಗೆಲ್ಲ ನಾನು ಮೊದಲು ಹೇಳುತ್ತಿದ್ದುದು, ಒಂದು ಸಾಲು ಹಾಗೇ ಬಿಟ್ಟು ಉಳಿದದ್ದಕ್ಕೆ ಔಷಧಿ ಹೊಡೆಯಿರಿ, ಎರಡನ್ನೂ ಹೋಲಿಸಿ ನೋಡಿರಿ ಎಂದು. ಕೆಲವರು ನಕ್ಕರು, ಕೆಲವರು ಬಿಟ್ಟು ನೋಡಿದರು.

ಎಂಬತ್ತರ ದಶಕದ ನಡುವಿನಲ್ಲಿ ಒಮ್ಮೆ ಬೇವೂರಿಗೆ ಹೋದೆ. ಬಡಿಗರು ಪಡಸಾಲೆಯಲ್ಲಿ ಕೂರಿಗೆ ಜೋಡಿಸುತ್ತಿದ್ದರು. ಅವ್ವಾರ ಎಲ್ಲಿ ಎಂದೆ. ಉಳಿ ಕೆಳಗಿಟ್ಟು ನಕ್ಕರು.

"ಆಕಿ ಮನ್ಯಾಗ ಎಲ್ಲಿರ್ತಾಳ್ರಿ ಈಗ? ಕುಷ್ಟಗಿ ಕಡಿಯಾವ್ರು ಮೆಣಸಿನಗಿಡ ತೋರಸಾಕ ಬಂಡಿ ಕಟಗೊಂಡ್ ಬಂದು ಕರಕೊಂಡ್ ಹೋಗ್ಯಾರ. ಸಂಜಿಗೆ ಬರ್ತಾಳ, ಕುಂದರ್ರಿ."

ಚೀಲ ಇಳಿಸಿ, ಅವರು ಕೊಟ್ಟ ನೀರು ಕುಡಿದು, ಸಂಜೆಯವರೆಗೂ ಅಲ್ಲೇ ಕೂತೆ.