ರೂಬಾರ್ಬ್ ಪಾತಿಯ ಬಾಂಬು

ಯುದ್ಧಕಾಲದಲ್ಲಿ ಹ್ಯಾಗ್‌ಡೇಲ್ ಎಂಬ ಊರಿನ ಮೇಲೆ ಬಿದ್ದದ್ದು ಒಂದೇ ಒಂದು ಬಾಂಬು, ಅದೂ ಸಿಡಿಯಲಿಲ್ಲ. ಮ್ಯಾಂಚೆಸ್ಟರಿನಲ್ಲಿ ತನ್ನ ಕೆಲಸ ಮುಗಿಸಿ ಹಿಂತಿರುಗುತ್ತಿದ್ದ ಜರ್ಮನ್ ವಿಮಾನವೊಂದು, ಉಳಿದ ಭಾರವನ್ನು ಎಲ್ಲಾದರೂ ಚೆಲ್ಲಿ ಹೋಗುವ ಅವಸರದಲ್ಲಿ, ಮೆಥಡಿಸ್ಟ್ ಚರ್ಚಿನ ಹಿಂದಿನ ರೂಬಾರ್ಬ್ ಪಾತಿಯಲ್ಲಿ ಅದನ್ನು ಕೆಡವಿತ್ತು. ಗಿರಣಿಗಳಿದ್ದವು, ರೈಲು ಸೇತುವೆಯಿತ್ತು, ಟೌನ್ ಹಾಲ್ ಇತ್ತು. ಬಿದ್ದದ್ದು ಸೊಪ್ಪಿನ ಪಾತಿಗೆ. ಊರವರಿಗೆ ಇದು ಅವಮಾನವೆನ್ನಿಸಬೇಕಿತ್ತು. ಬದಲಿಗೆ ಅವರು ಹೆಮ್ಮೆಪಟ್ಟರು. ಪಕ್ಕದ ಊರಿಗೆ ಅಷ್ಟೂ ಸಿಕ್ಕಿರಲಿಲ್ಲ.

ಆ ಸಂಜೆ ಪಾತಿಯ ಪಕ್ಕದಲ್ಲೇ ಇದ್ದ ಚರ್ಚಿನ ಪಾಯಖಾನೆಯಲ್ಲಿ ಹ್ಯಾನಾ ಸಗ್ಡೆನ್ ಇದ್ದಳು. ಬಾಂಬು ನೆಲ ಹೊಕ್ಕ ಹೊಡೆತಕ್ಕೆ ಬಾಗಿಲ ಚೌಕಟ್ಟು ವಾಲಿ ಬಾಗಿಲು ಬಿಗಿದುಕೊಂಡಿತು. ಅವಳ ಗಂಡ ವಿಲ್ಫ್ ಆಗ ವಾಯುದಾಳಿಯ ಕಾವಲುಗಾರನಾಗಿದ್ದ. ತಲೆಗೆ ತಗಡಿನ ಟೋಪಿ ಹಾಕಿಕೊಂಡು, ಸರ್ಕಾರ ಹೇಳಿಕೊಟ್ಟ ದೂರದಲ್ಲಿ ನಿಂತು ಸೀಟಿ ಊದಿದ, "ಅಲ್ಲೇ ಇರು, ಅಲ್ಲಾಡಬೇಡ!" ಎಂದು ಕೂಗಿದ. ಸೈನಿಕರು ಬರುವುದನ್ನು ಹ್ಯಾನಾ ಕಾಯಲಿಲ್ಲ. ಕಿಟಕಿಯಿಂದ ತಾನೇ ಇಳಿದು ಬಂದಳು. ಇದ್ದ ಒಂದೇ ಜೊತೆ ಒಳ್ಳೆಯ ಕಾಲುಚೀಲ ಮೊಳೆಗೆ ಸಿಕ್ಕಿ ಹರಿಯಿತು.

ಇಪ್ಪತ್ತು ವರ್ಷ ವಿಲ್ಫ್ ಆ ಕಥೆ ಹೇಳಿದ. ಹೇಳಿದಂತೆಲ್ಲ ಹ್ಯಾನಾ ಪಾಯಖಾನೆಯಲ್ಲಿ ಕೂತ ಹೊತ್ತು ಹೆಚ್ಚಿತು, ವಿಲ್ಫ್ ಬಾಂಬಿಗೆ ಹತ್ತಿರವಾಗುತ್ತ ಹೋದ. ಕೊನೆಕೊನೆಗೆ ಅವನು ಅದರ ಮೇಲೆಯೇ ಕೂತಿದ್ದನೆಂದು ನಂಬುವವರಿದ್ದರು. ಹ್ಯಾನಾ ಮಾತ್ರ ಬಾಂಬು ಎಂಬ ಪದವನ್ನು ಆಡುವುದನ್ನೇ ಬಿಟ್ಟಳು. ಹೇಳಲೇಬೇಕಾಗಿ ಬಂದರೆ "ಅದು" ಎನ್ನುತ್ತಿದ್ದಳು.

ವಿಲ್ಫನ ಬಾಯಲ್ಲಿ ಆ ಪದಕ್ಕೆ ಒಂದು ದಿನವೂ ಬಿಡುವಿರಲಿಲ್ಲ. ಗಂಡಹೆಂಡಿರ ಅಂಗಡಿಯ ಮಾಂಸದ ಪೈಗಳು ಬಾಂಬಿನಂತೆ ಖರ್ಚಾದವು. ಹೊಸ ವ್ಯಾನು ಬಾಂಬಿನಂತೆ ಓಡಿತು. ಹೆಂಡತಿಯ ಚಳಿಗಾಲದ ಕೋಟಿಗೆ ಒಂದು ಬಾಂಬಿನ ಬೆಲೆ ಬಿತ್ತು. ಚರ್ಚಿನಲ್ಲಿ ಅವನು ಹೇಳಿದ ನಗೆಹನಿ ಬಾಂಬಿನಂತೆ ಗೆದ್ದಿತು, ಪಾದ್ರಿ ಕೂಡ ನಕ್ಕರು. ಯಾರಿಗೂ ಇದು ವಿಚಿತ್ರವಾಗಿ ಕಾಣಲಿಲ್ಲ, ಏಕೆಂದರೆ ಆ ದೇಶದಲ್ಲಿ ಎಲ್ಲರೂ ಹಾಗೆಯೇ ಮಾತಾಡುತ್ತಿದ್ದರು. ಬೀದಿಗೆ ಬೀದಿಯೇ ಬಾಂಬಿಗೆ ಉರುಳಿದ ಜನ, ಗೆಲುವಿಗೂ ವೇಗಕ್ಕೂ ದುಬಾರಿಗೂ ಅದೇ ಹೆಸರಿಟ್ಟುಕೊಂಡು ನೆಮ್ಮದಿಯಾಗಿದ್ದರು. ತಮ್ಮನ್ನು ಹೆದರಿಸಿದ್ದನ್ನೇ ಮನೆಯೊಳಗೆ ಒಂದು ಕುರ್ಚಿ ಹಾಕಿ ಕೂರಿಸುವುದು ಅವರ ಸ್ವಭಾವ.

ಹಂದಿಮಾಂಸದ ಆ ಅಂಗಡಿ ಹ್ಯಾನಾಳ ಅಪ್ಪನದು. ಬಾಗಿಲ ಮೇಲಿನ ಹಲಗೆಯಲ್ಲಿ ಇನ್ನೂ 'ಆ್ಯಶ್‌ವರ್ತ್' ಎಂದೇ ಇತ್ತು. ಶಾಲೆ ಬಿಟ್ಟ ದಿನದಿಂದ ಪೈಗಳ ಹಿಟ್ಟು ನಾದಿ, ಕವಚ ಕಟ್ಟಿ, ಮಾಂಸ ತುಂಬಿ, ಬೆಂದ ಮೇಲೆ ಮೇಲಿನ ತೂತಿನಿಂದ ಎಲುಬು ಕುದಿಸಿ ಬಸಿದ ಗಂಜಿ ಹೊಯ್ಯುತ್ತಿದ್ದವಳು ಅವಳು. ಗಂಜಿ ಪೈಯೊಳಗೆ ನಡುಗುವ ಹಾಗೆ ಹೆಪ್ಪಾಗಬೇಕು, ನೀರಾಗಬಾರದು, ರಬ್ಬರಾಗಬಾರದು. ಆ ಹದ ಅವಳ ಕೈಗೆ ಮಾತ್ರ ಗೊತ್ತಿತ್ತು. ಅಪ್ಪ ಸಾಯುವಾಗ ಅಂಗಡಿಯನ್ನು ಅಳಿಯನ ಹೆಸರಿಗೆ ಬರೆದ. ಅಂಗಡಿ ಎಂದರೆ ಗಂಡಸಿನ ಹೆಸರಿನಲ್ಲಿರಬೇಕು ಎಂಬುದು ಅವನ ತಿಳುವಳಿಕೆ. ಅಳಿಯನಿಗೆ ಒಂದು ಸಾಸೇಜಿನ ಗಂಟು ಹಾಕಲು ಬರುತ್ತಿರಲಿಲ್ಲ. ಮಾತಾಡಲು ಬರುತ್ತಿತ್ತು. ಜನ ಅವನ ಮಾತಿಗೆ ಬಂದು ಅವಳ ಪೈ ಕೊಂಡು ಹೋಗುತ್ತಿದ್ದರು. ಹ್ಯಾನಾಳಿಗೆ ಈ ಏರ್ಪಾಟಿನ ಬಗ್ಗೆ ದೂರಿರಲಿಲ್ಲ, ವಿಲ್ಫ್ ನಾಟಕ ಬರೆಯುವವರೆಗೆ.

ನಾಟಕದ ಹೆಸರು 'ಬಾಡಿಗೆದಾರನ ಇನ್ನೊಂದು ಕಾಲು'. ಬ್ಲಾಕ್‌ಪೂಲಿನ ವಸತಿಗೃಹವೊಂದರಲ್ಲಿ ಮರದ ಕಾಲಿನ ಬಾಡಿಗೆದಾರ, ಮಾಂಸಕ್ಕೂ ರೇಷನ್ ಇದ್ದ ಕಾಲ, ಮರದ ಕಾಲಿನ ಪೊಳ್ಳಿನೊಳಗೆ ಕದ್ದ ಹಂದಿತೊಡೆಯ ಹ್ಯಾಮು, ಅದನ್ನು ಮೂಸುವ ಮನೆಯೊಡತಿ. ಚರ್ಚಿನ ಸಭಾಂಗಣದಲ್ಲಿ ಆಡಿದಾಗ ಜನ ಕುರ್ಚಿಯಿಂದ ಜಾರಿ ಬೀಳುವಷ್ಟು ನಕ್ಕರು. ಮನೆಯೊಡತಿಯ ಪಾತ್ರ ಮೂರನೇ ಸಾಲಿನಲ್ಲಿ ಕೂತಿದ್ದ ಶ್ರೀಮತಿ ಕ್ರ್ಯಾಬ್‌ಟ್ರೀಯನ್ನೇ ನೋಡಿ ಬರೆದದ್ದೆಂದು ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದವಳು ಅವಳೊಬ್ಬಳೇ, ಎಲ್ಲರಿಗಿಂತ ಜೋರಾಗಿ ನಕ್ಕವಳೂ ಅವಳೇ.

ಹ್ಯಾನಾಳ ತಂಗಿಯ ಮಗಳು ಬೆರಿಲ್ ಯುದ್ಧ ಮುಗಿದ ವರ್ಷ ಅಮೆರಿಕದ ಸೈನಿಕನೊಬ್ಬನನ್ನು ಮದುವೆಯಾಗಿ ಒಹಾಯೊಗೆ ಹೋಗಿದ್ದಳು. ಆ ಹುಡುಗ ಅವಳನ್ನು ಮೊದಲ ಸಲ ನೋಡಿ "ಎಂಥಾ ಬಾಂಬು!" ಎಂದನಂತೆ, ವಿಲ್ಫ್ ಆ ಒಂದು ಮಾತಿಗೇ ಸಂಬಂಧಕ್ಕೆ ತಲೆಯಾಡಿಸಿದ್ದ. ಈಗ ಬೆರಿಲ್ ಅಲ್ಲಿನ ಚರ್ಚಿನ ನಾಟಕಮಂಡಳಿಯಲ್ಲಿದ್ದಳು. ದೊಡ್ಡಪ್ಪನ ನಾಟಕವನ್ನು ತರಿಸಿಕೊಂಡು ಆಡಿಸಲು ಹೊರಟಳು.

"ಅಮೆರಿಕ ಮೆಚ್ಚಿದ್ರೆ ಅಂಗಡಿ ಬಿಟ್ಟೆ ಅಂತಿಟ್ಕೋ," ಎಂದ ವಿಲ್ಫ್ ಒಂದು ಸಂಜೆ. "ಬ್ಲಾಕ್‌ಪೂಲಲ್ಲಿ ಸಮುದ್ರ ಕಾಣೋ ಕೋಣೆ ತಗೊಂಡು ಬರೀತಾ ಕೂರ್ತೀನಿ."

"ನಾನು?"

"ನೀನೂ ಬಾ. ಇಷ್ಟು ವರ್ಷ ನಿಂತೇ ಇದ್ದೀಯ, ಸ್ವಲ್ಪ ಕೂತ್ಕೋ."

"ನಾನು ಕೂತ ಕಥೇನ ಊರಿಗೆಲ್ಲ ಹೇಳಿ ಆಗಿದೆಯಲ್ಲ," ಎಂದಳು ಹ್ಯಾನಾ. ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ.

ಅಂಗಡಿ ಕೊಳ್ಳಲು ಹ್ಯಾರಲ್ಡ್ ಬಿಕರ್‌ಸ್ಟಾಫ್ ತಯಾರಾಗಿ ನಿಂತಿದ್ದ. ಎದುರು ಬೀದಿಯ ಕಸಾಯಿ. ಅವನ ಪೈಯ ಗಂಜಿ ನೀರು. ಕಲೆಯ ಗಂಧವಿಲ್ಲದ ಈ ಮನುಷ್ಯ ಒಂದು ತಿಂಗಳೊಳಗೆ ನಾಟಕದ ಮಹಾ ರಸಿಕನಾಗಿ ಬದಲಾಗಿದ್ದ. "ವಿಲ್ಫ್, ನಿನ್ನಂಥ ಸಾಹಿತಿ ಮೈಗೆ ಕೊಬ್ಬಿನ ವಾಸನೆ ಮೆತ್ಕೊಂಡು ನಿಲ್ಲೋದನ್ನ ನೋಡೋಕಾಗಲ್ಲ ಕಣಯ್ಯಾ," ಎಂದು ದಿನವೂ ಬಂದು ನಿಟ್ಟುಸಿರು ಬಿಡುತ್ತಿದ್ದ.

ಒಹಾಯೊದಲ್ಲಿ ನಾಟಕವಾದ ಮರುದಿನ, ಭಾನುವಾರ ಮಧ್ಯಾಹ್ನ, ಬೆರಿಲ್ ಫೋನ್ ಮಾಡುವಳೆಂದು ಗೊತ್ತಾಗಿತ್ತು. ಅಂಗಡಿಯೊಳಗೆ ಅರ್ಧ ಬೀದಿ ಬಂದು ನಿಂತಿತ್ತು. ಸಮುದ್ರದಾಚೆಯಿಂದ ಬರುವ ಧ್ವನಿ ಬಾಣಲೆಯಲ್ಲಿ ಕೊಬ್ಬು ಚಟಪಟಿಸಿದ ಹಾಗೆ ಕೇಳಿಸುತ್ತಿತ್ತು. ವಿಲ್ಫ್ ರಿಸೀವರನ್ನು ಕಿವಿಗೆ ಒತ್ತಿ ಹಿಡಿದು ಕೂಗಿದ: "ಹೆಂಗಾಯ್ತು ಮಗಳೇ?"

"ಬಾಂಬ್ ಆಯ್ತು ದೊಡ್ಡಪ್ಪಾ!"

"ಬಾಂಬ್ ಆಯ್ತಂತೆ!" ವಿಲ್ಫ್ ಅಂಗಡಿಗೆ ತಿರುಗಿ ಗರ್ಜಿಸಿದ. ಜನ ಹೋ ಎಂದರು. "ಜನ ಏನಂದ್ರು?"

"ಏನೂ ಅನ್ನಲಿಲ್ಲ... ಪೂರ್ತಿ ನಿಶ್ಶಬ್ದ..."

"ಉಸಿರು ಬಿಗಿಹಿಡಿದು ಕೂತಿದ್ರಂತೆ!"

"ನಗೆನಾಟಕಕ್ಕಾ?" ಎಂದಳು ಹ್ಯಾನಾ.

"ಮರ್ಯಾದಸ್ಥ ಜನ ಕಣೇ ಅವರು," ಎಂದ ಬಿಕರ್‌ಸ್ಟಾಫ್.

"ಎರಡನೇ ಅಂಕದಲ್ಲಿ ಎಲ್ಲಾ ಎದ್ದುಬಿಟ್ರು ದೊಡ್ಡಪ್ಪಾ..."

"ಎದ್ದು ನಿಂತರಂತೆ! ಮುಗಿಯೋವರೆಗೂ ತಡೆಯೋಕಾಗದೆ ನಡುವಲ್ಲೇ ಎದ್ದು ನಿಂತರಂತೆ!"

ಹ್ಯಾನಾ ಅವನ ಕೈಯಿಂದ ರಿಸೀವರು ಕಿತ್ತುಕೊಂಡಳು. ಅಷ್ಟರಲ್ಲೇ ಮಾತು ಕಡಿದುಹೋಯಿತು. ಆದರೆ ಕಡಿಯುವ ಮುಂಚೆ ಒಂದು ಸದ್ದು ಕೇಳಿಸಿತು; ಮೂಗು ಏರಿಸಿಕೊಂಡ ಸದ್ದು. ಬೆರಿಲ್ ಎಳೆಯವಳಾಗಿದ್ದಾಗಿನಿಂದ ಅತ್ತ ಮೇಲೆ ಹಾಗೆಯೇ ಮೂಗು ಏರಿಸುತ್ತಿದ್ದಳು.

ಆ ಕಡೆ ಬಿಕರ್‌ಸ್ಟಾಫ್ ಆಗಲೇ ಅಂಗೈ ಚಾಚಿದ್ದ. ಆ ಊರಿನ ಮಾಂಸದ ವ್ಯಾಪಾರಿಗಳಲ್ಲಿ ಅಂಗೈಗೆ ಅಂಗೈ ಹೊಡೆದರೆ ಮುಗಿಯಿತು. ದನದ ಸಂತೆಯಿಂದ ಬಂದ ರೂಢಿ. ವಕೀಲರ ಕೆಲಸ ಆಮೇಲಿನದು, ಹೊಡೆದ ಕೈಯನ್ನು ಹಿಂತೆಗೆದುಕೊಂಡವನಿಗೆ ಊರಿನಲ್ಲಿ ಯಾರೂ ಒಂದು ಹಂದಿಬಾಲವನ್ನೂ ಮಾರುತ್ತಿರಲಿಲ್ಲ.

"ಇವತ್ತು ಬೇಡ," ಎಂದಳು ಹ್ಯಾನಾ. "ಭಾನುವಾರ. ನಮ್ಮಪ್ಪ ಭಾನುವಾರ ಚಾಕು ಕೂಡ ಮಸೀತಿರಲಿಲ್ಲ. ಬೆರಿಲ್ ಮುಂದಿನ ತಿಂಗಳು ಬರ್ತಾಳೆ. ಅವಳೆದುರಿಗೇ ಆಗಲಿ, ಊರೆಲ್ಲ ನೋಡಲಿ."

ಊರೆಲ್ಲ ನೋಡಲಿ ಎಂಬ ಮಾತಿಗೆ ವಿಲ್ಫ್ ಯಾವತ್ತೂ ಎದುರಾಡಿದವನಲ್ಲ.

ಆ ತಿಂಗಳು ಅವನು ಏಪ್ರನ್ ಕಟ್ಟಲಿಲ್ಲ. ಕುತ್ತಿಗೆಗೆ ರೇಷ್ಮೆಯ ಕರವಸ್ತ್ರ ಕಟ್ಟಿಕೊಂಡು ಗಲ್ಲಾದ ಪಕ್ಕ ನಿಂತು, ಅಮೆರಿಕದವರು ಹೇಗೆ ಎದ್ದು ನಿಂತರೆಂದು ತೋರಿಸುತ್ತಿದ್ದ. ವಾರ ಕಳೆದಂತೆ ಅವರು ಕುರ್ಚಿಗಳ ಮೇಲೆ ಹತ್ತಿದ್ದರು.

ಬೆರಿಲ್ ಬಂದಿಳಿದ ದಿನವೇ ಚರ್ಚಿನ ಸಭಾಂಗಣದಲ್ಲಿ ಸನ್ಮಾನ. ಹ್ಯಾಮು, ಉಪ್ಪಿನಕಾಯಿ ಹಾಕಿದ ಈರುಳ್ಳಿ, ಹ್ಯಾನಾಳ ಪೈ, ದೊಡ್ಡ ಪಾತ್ರೆಯಲ್ಲಿ ಚಹಾ. ರೈಲಿನಿಂದ ನೇರ ಕರೆತಂದ ಬೆರಿಲ್‌ಗೆ ಹ್ಯಾನಾ ಒಂದು ಮಾತು ಕೇಳುವ ಮೊದಲೇ ಪಾದ್ರಿ ಅವಳನ್ನು ವೇದಿಕೆಗೆ ಹತ್ತಿಸಿದರು. ಅವಳು ನೆಲ ನೋಡುತ್ತ ಹೇಳಿದಳು: "ದಯವಿಟ್ಟು ಯಾರೂ ದೊಡ್ಡಪ್ಪನ್ನ ತಪ್ಪು ತಿಳ್ಕೋಬೇಡಿ. ನಾಟಕ ಬಾಂಬ್ ಆಯ್ತು, ಅದು ಅಲ್ಲಿನ ನಮ್ಮ ಜನದ..."

ಸಭಾಂಗಣ ಸಿಡಿಯಿತು. ಜನ ಮೇಜು ಬಡಿದರು. ಬೆರಿಲ್ ಬಾಯಿ ತೆರೆದು ನಿಂತಳು.

"ಇಲ್ಲ, ಇಲ್ಲ! ಬಾಂಬ್ ಆಯ್ತು ಅಂತ ಹೇಳ್ತಿದ್ದೀನಿ!"

ಇನ್ನೊಂದು ಸುತ್ತು ಚಪ್ಪಾಳೆ. "ಎಷ್ಟು ವಿನಯ ಈ ಹುಡುಗಿಗೆ," ಎಂದು ಶ್ರೀಮತಿ ಕ್ರ್ಯಾಬ್‌ಟ್ರೀ ಕಣ್ಣೊರೆಸಿಕೊಂಡಳು.

ಬೆರಿಲ್ ಅಡುಗೆಕೋಣೆಗೆ ಓಡಿಬಂದಳು. "ದೊಡ್ಡಮ್ಮಾ, ಇವರಿಗೆಲ್ಲ ಏನಾಗಿದೆ? ದೊಡ್ಡಪ್ಪ ಸೋತಿದ್ದಕ್ಕೆ ಇಷ್ಟು ಖುಷೀನಾ?"

ಹ್ಯಾನಾ ಚಹಾ ಪಾತ್ರೆಯ ನಲ್ಲಿ ತಿರುಗಿಸಿ ನಿಲ್ಲಿಸಿದಳು. "ನಿಮ್ಮ ಕಡೆ ನಾಟಕ 'ಅದು' ಆಯ್ತು ಅಂದ್ರೆ ಏನೇ?"

"ಸತ್ತೇಹೋಯ್ತು ಅಂತ. ಹೆಣ."

"ನಿನ್ನ ಗಂಡ ನಿನ್ನ ನೋಡಿ ಹಾಗೆ ಅಂದಿದ್ದ."

"ಹುಡುಗಿಗಾದ್ರೆ ಬೇರೆ, ನಾಟಕಕ್ಕಾದ್ರೆ ಬೇರೆ, ದೊಡ್ಡಮ್ಮಾ! ಮರದ ಕಾಲಲ್ಲಿ ಹ್ಯಾಮ್ ಯಾಕೆ ಬಚ್ಚಿಡ್ತಾನೆ ಅಂತಾನೇ ಅವರಿಗೆ ಅರ್ಥ ಆಗಲಿಲ್ಲ. ಅಂಗಡೀಲಿ ಕೊಂಡ್ಕೋಬಹುದಲ್ಲ ಅಂದ್ರು. ಅರ್ಧಕ್ಕೇ ಎದ್ದು ಹೋದ್ರು."

ಬಾಂಬು ಬೀಳದ ನೆಲದವರು ಆ ಪದವನ್ನು ಸೋಲಿಗೆ ಇಟ್ಟುಕೊಂಡಿದ್ದರು. ಬಿದ್ದ ನೆಲದವರು ಗೆಲುವಿಗೆ. ಹ್ಯಾನಾಳಿಗೆ ಅದನ್ನು ಯೋಚಿಸುತ್ತ ಕೂರಲು ಸಮಯವಿರಲಿಲ್ಲ. ಹೊರಗೆ ಪಾದ್ರಿ ಸಾಕ್ಷಿಗೆಂದು ನಿಂತಿದ್ದರು, ಬಿಕರ್‌ಸ್ಟಾಫ್ ಅಂಗೈಗೆ ಉಗುಳಿಕೊಂಡು ಉಜ್ಜುತ್ತಿದ್ದ, ವಿಲ್ಫ್ ಕೈ ಎತ್ತಿದ್ದ.

"ತಡಿ," ಎಂದಳು ಅವಳು ಬಾಗಿಲಲ್ಲಿ. "ಅವಳು ಹೇಳಿದ್ದು ನಿಮಗೆ ಅರ್ಥ ಆಗಲಿಲ್ಲ. ನಾಟಕ ಅಲ್ಲಿ ಗೆಲ್ಲಲಿಲ್ಲ."

"ಗೆಲ್ಲಲಿಲ್ವಾ? ಬಾಂಬ್ ಆಯ್ತು ಅಂತ ಈಗ ತಾನೆ ಅವಳೇ ಹೇಳಿದ್ಲಲ್ಲಾ!" ಬಿಕರ್‌ಸ್ಟಾಫನ ಕೈ ಗಾಳಿಯಲ್ಲೇ ಇತ್ತು. "ಹೆಂಗಸರಿಗೆ ಅಂಗಡಿ ಬಿಡೋಕೆ ಸಂಕಟ, ಪಾಪ."

"ಹೌದು, ಬಾಂಬ್," ಎಂದಳು ಹ್ಯಾನಾ.

ಇಪ್ಪತ್ತು ವರ್ಷಗಳಲ್ಲಿ ಆ ಪದ ಅವಳ ಬಾಯಿಂದ ಬಂದದ್ದು ಅದೇ ಮೊದಲು.

"ಬಾಂಬೇ. ಆದರೆ ನಮ್ಮ ರೂಬಾರ್ಬ್ ಪಾತೀದು."

ಯಾರೂ ಅವಳನ್ನು ಇನ್ನೊಂದು ಮಾತು ಕೇಳಲಿಲ್ಲ. ಆ ಪಾತಿಯಲ್ಲಿ ಏನಾಯಿತು, ಏನಾಗಲಿಲ್ಲ ಎಂಬುದು ಅಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. ಅದಕ್ಕೆ ಅತಿ ಹತ್ತಿರ ಕೂತಿದ್ದವರು ಯಾರೆಂಬುದೂ ಗೊತ್ತಿತ್ತು. ಹಿಂದಿನ ಸಾಲಿನಲ್ಲಿ ಯಾರೋ ಕಪ್ಪು ಕೆಳಗಿಟ್ಟ ಸದ್ದಾಯಿತು. ಬೆರಿಲ್ ಹೌದೆಂದು ತಲೆಯಾಡಿಸಿದಳು.

ವಿಲ್ಫನ ಕೈ ನಿಧಾನವಾಗಿ ಇಳಿಯಿತು. ಕುತ್ತಿಗೆಯ ಕರವಸ್ತ್ರ ಸಡಿಲಿಸಿಕೊಂಡ. ಅವನ ಮುಖ ನೋಡಿ ಹ್ಯಾನಾಳಿಗೆ ಕರುಣೆ ಬರಲಿಲ್ಲವೆಂದಲ್ಲ. ಆದರೆ ಕರುಣೆಗಾಗಿ ಅಂಗಡಿ ಕೊಡುವ ಹೆಂಗಸಾಗಿರಲಿಲ್ಲ ಅವಳು.

"ಎದ್ದು ನಿಂತ್ರು ಅಂದ್ಯಲ್ಲ ಬೆರಿಲ್?" ಎಂದ ವಿಲ್ಫ್.

"ಎದ್ದು ಹೋದ್ರು ದೊಡ್ಡಪ್ಪಾ."

"ಎಲ್ಲರೂ?"

"ಪಿಯಾನೋ ನುಡಿಸೋನು ಇದ್ದ. ಅವನ ಕೋಟು ಪಿಯಾನೋದೊಳಗೆ ಸಿಕ್ಕಿಹಾಕ್ಕೊಂಡಿತ್ತು."

ವಿಲ್ಫ್ ಗಂಟಲು ಸರಿಮಾಡಿಕೊಂಡು ಸಭೆಯತ್ತ ತಿರುಗಿದ. "ಸಿಡೀಲಿಲ್ಲ ಅಂದ್ರೇನಂತೆ? ನಮ್ಮ ಬಾಂಬನ್ನ ನೋಡೋಕೆ ಸುತ್ತಮುತ್ತಲ ಊರಿಂದೆಲ್ಲ ಜನ ಬಂದಿದ್ರು, ಮರೆತ್ರಾ? ಸಿಡಿದಿದ್ರೆ ನೋಡೋಕೆ ಏನಿರ್ತಿತ್ತು?"

ಒಬ್ಬರು ನಕ್ಕರು; ಆಮೇಲೆ ಎಲ್ಲರೂ. ಅದು ಅವನ ನಾಟಕಕ್ಕೆ ಬಂದ ನಗುವಿಗಿಂತ ಜೋರಾಗಿತ್ತು. ಬಿಕರ್‌ಸ್ಟಾಫ್ ಉಗುಳು ಬಳಿದ ಕೈಯನ್ನು ಎಲ್ಲಿಡುವುದೆಂದು ತಿಳಿಯದೆ ಕೊನೆಗೆ ಪ್ಯಾಂಟಿಗೆ ಒರೆಸಿಕೊಂಡ.

ಸೋಮವಾರ ವಿಲ್ಫ್ ಏಪ್ರನ್ ಕಟ್ಟಿ ನಿಂತ. ವಾರದೊಳಗೆ ಹೊಸ ಕಥೆ ಸಿದ್ಧವಾಗಿತ್ತು: ಒಹಾಯೊದಲ್ಲಿ ಬಾಗಿಲುಗಳು ಸಾಲದೆ ಜನ ಕಿಟಕಿಯಿಂದ ಇಳಿದು ಹೋದರು. ಕಿಟಕಿ ಯಾರದೆಂದು ಹ್ಯಾನಾಳಿಗೆ ಗೊತ್ತಿತ್ತು, ಇರಲಿ ಎಂದುಕೊಂಡಳು. ಅವನು ಹೇಳಿದಷ್ಟೂ ಪೈ ಖರ್ಚಾಗುತ್ತಿತ್ತು. ಆದರೆ ವಕೀಲರಲ್ಲಿಗೆ ಅವನನ್ನು ಕರೆದೊಯ್ದು ಅಂಗಡಿಯನ್ನು ತನ್ನ ಹೆಸರಿಗೆ ಬರೆಸಿಕೊಂಡ ಮೇಲೆಯೇ ಅವಳು ಹಾಗಂದುಕೊಂಡದ್ದು.

ಕೆಲವು ದಿನ ಬಿಟ್ಟು ಬಿಕರ್‌ಸ್ಟಾಫ್ ಅಂಗಡಿಗೆ ಬಂದ. ಅತ್ತಿತ್ತ ನೋಡಿ, ತಗ್ಗಿದ ದನಿಯಲ್ಲಿ ಒಂದು ಪೈ ಕೇಳಿದ. ಮನೆಯಲ್ಲಿ ಹೆಂಡತಿ ಅವನ ಪೈ ತಿನ್ನುವುದಿಲ್ಲವೆಂದು ಬೀದಿಗೆಲ್ಲ ಗೊತ್ತಿದ್ದ ವಿಷಯ.

"ಎಷ್ಟು?" ಎಂದ.

ಹ್ಯಾನಾ ಪೈಯನ್ನು ಕಾಗದದಲ್ಲಿ ಸುತ್ತಿ ದಾರ ಬಿಗಿದಳು. "ಬೇರೆಯವರಿಗೆ ಮಾಮೂಲು ಬೆಲೆ, ಹ್ಯಾರಲ್ಡ್," ಎಂದಳು. "ನಿನಗೆ ಒಂದು ಬಾಂಬು."