ಯಜಮಾನರಿಗೆ ಧೈರ್ಯ ಹೇಳಲಾಯಿತು

ಚೀಟಿಯಕ್ಕನ ಬಾಯಿಗೆ ಬಾಗಿಲಿಲ್ಲ ಎಂದು ಅವಳ ತವರಿನವರು ಹೇಳುತ್ತಾರೆ. ಅದರಲ್ಲಿ ಸುಳ್ಳೇನೂ ಇಲ್ಲ. ಅಣ್ಣನಿಗೆಂದು ಮನೆಯವರೆಲ್ಲ ಸೇರಿ ಗುಟ್ಟಾಗಿ ತಂದಿಟ್ಟ ಕೈಗಡಿಯಾರದ ಸುದ್ದಿಯನ್ನು ಹಿಂದಿನ ದಿನವೇ ಅವನ ಕಿವಿಗೆ ಹಾಕಿದವಳು ಅವಳು. ಗಂಡ ಸಿನಿಮಾ ನೋಡಲು ಕುಳಿತರೆ ಕೊಲೆ ಮಾಡಿದವನು ಯಾರೆಂದು ಅರ್ಧಕ್ಕೇ ಹೇಳಿ, ಆ ಪಾಪದ ಮನುಷ್ಯ ಕೈಮುಗಿಯುವ ಹಾಗೆ ಮಾಡಿದವಳು. ಹೊಟ್ಟೆಗೆ ಒಂದು ಮಾತು ಬಿದ್ದರೆ ಅದು ಅರಗುವ ಮುಂಚೆ ಹೊರಗೆ ಬರಲೇಬೇಕು. ಇಂಥವಳನ್ನು ಪ್ರಾಣಿಗಳ ಆಸ್ಪತ್ರೆಯ ಮುಂದಿನ ಮೇಜಿಗೆ ಕೂರಿಸಿ, ಇಪ್ಪತ್ತೆರಡು ವರ್ಷ ಊರಿನ ಅರ್ಧ ಗುಟ್ಟನ್ನು ಅವಳ ವಶಕ್ಕೆ ಕೊಟ್ಟ ಡಾಕ್ಟರಮ್ಮನ ಎದೆಗಾರಿಕೆ ಎಂಥದ್ದಿರಬೇಕು, ನೀವೇ ಹೇಳಿ.

ಆಸ್ಪತ್ರೆಯೆಂದರೆ ದೊಡ್ಡದೇನಲ್ಲ. ಮುಂಬಾಗಿಲು ದಾಟಿದರೆ ಎಡಕ್ಕೆ ನಾಯಿಗಳ ಬೆಂಚು, ಬಲಕ್ಕೆ ಬೆಕ್ಕುಗಳ ಬೆಂಚು. ಕೋಳಿ, ಮೊಲ, ಮೇಕೆ ತಂದವರು ನಡುವೆ ಎಲ್ಲಿ ಜಾಗ ಸಿಕ್ಕರೆ ಅಲ್ಲಿ. ನೆಲದ ಮೇಲೊಂದು ತೂಕದ ಹಲಗೆ. ಅದರ ಮೇಲೆ ಸುಮ್ಮನೆ ನಿಲ್ಲುವ ನಾಯಿ ಇನ್ನೂ ಹುಟ್ಟಿಲ್ಲ. ಚೀಟಿಯಕ್ಕನ ಬೆನ್ನಿಗೆ ಮರದ ಬೀರು, ಅದರ ತುಂಬ ಕಾರ್ಡುಗಳು. ಬಂದವರಿಗೆ ನಂಬರಿನ ಚೀಟಿ ಕೊಡುವುದು, ಕಾರ್ಡು ತೆಗೆಯುವುದು, ಡಾಕ್ಟರಮ್ಮ ಹೇಳಿದ್ದನ್ನು ಅದರಲ್ಲಿ ಬರೆದು ಮತ್ತೆ ಒಳಗಿಡುವುದು, ಇಷ್ಟೇ ಕೆಲಸ. ಆದರೆ ಆ ಬೀರುವಿನಲ್ಲಿ ಏನುಂಟು ಏನಿಲ್ಲ! ಪಥ್ಯದಲ್ಲಿರುವ ನಾಯಿಗೆ ಗಂಡನಿಗೆ ತಿಳಿಯದಂತೆ ಬಿಸ್ಕತ್ತು ಹಾಕುವ ಹೆಂಡತಿ, ಹೆಂಡತಿಗೆ ತಿಳಿಯದಂತೆ ಅದೇ ನಾಯಿಗೆ ಅದೇ ಬಿಸ್ಕತ್ತು ಹಾಕುವ ಗಂಡ. ಅತ್ತೆಯ ಹಲ್ಲಿನ ಸೆಟ್ಟು ನುಂಗಿದ ನಾಯಿ, ಮೂರನೆಯ ದಿನ ಅದು ಹೊರಬಂದ ಮೇಲೆ ಚೆನ್ನಾಗಿ ತೊಳೆದು, ಏನೂ ಆಗಿಲ್ಲವೆಂಬಂತೆ ಅತ್ತೆಯ ಲೋಟದಲ್ಲಿ ಇಟ್ಟ ಸೊಸೆ.

ಚೀಟಿಯಕ್ಕನ ಬಾಯಿಗೆ ಚಿಲಕ ಬಿದ್ದದ್ದು ಕೆಲಸಕ್ಕೆ ಸೇರಿದ ಮೊದಲ ವರ್ಷ. ದರ್ಜಿಯೊಬ್ಬ ಕಾಲು ಮುರಿದ ಗಿಳಿಯನ್ನು ತಂದು ಪಟ್ಟಿ ಕಟ್ಟಿಸಿಕೊಂಡು ಹೋಗಿದ್ದ. ವಾರದ ನಂತರ ತರಕಾರಿ ಅಂಗಡಿಯಲ್ಲಿ ದರ್ಜಿಯ ಹೆಂಡತಿ ಸಿಕ್ಕಿದಳು. ಇವಳು ಅಕ್ಕರೆಯಿಂದಲೇ ಕೇಳಿದಳು, "ಗಿಳಿ ಕಾಲು ಹೇಗಿದೆ?" ಅವಳು ಕೇಳಿದಳು, "ಯಾವ ಗಿಳಿ?" ಹಕ್ಕಿಯೆಂದರೆ ಮೂಗು ಮುರಿಯುವ ಹೆಂಡತಿಗೆ ಹೆದರಿ ಆತ ಅದನ್ನು ಎರಡು ವರ್ಷದಿಂದ ಅಂಗಡಿಯಲ್ಲೇ ಸಾಕಿದ್ದ. ಆ ಮನೆಯಲ್ಲಿ ಏನು ನಡೆಯಿತೋ ಏನೋ, ಆತ ಪಟ್ಟಿ ಬಿಚ್ಚಿಸಲೂ ಬರಲಿಲ್ಲ. ಕೊನೆಗೆ ಡಾಕ್ಟರಮ್ಮ ತಾವೇ ಅಂಗಡಿಗೆ ಹೋಗಿ ಬಿಚ್ಚಿ ಬಂದರು. ಬಂದು ಬೈಯಲಿಲ್ಲ, ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದರು:

"ನೋಡಮ್ಮ, ನಮ್ಮ ರೋಗಿಗೆ ಮಾತು ಬರಲ್ಲ. ಅದರ ಪರವಾಗಿ ತಂದವರೇ ಮಾತಾಡಬೇಕು. ಇಲ್ಲಿ ಆಡಿದ ಮಾತು ಬೀದಿಗೆ ಹೋಗುತ್ತೆ ಅಂತ ಭಯ ಬಿದ್ದರೆ ಅವರು ನಿಜ ಹೇಳಲ್ಲ. ಅವರು ನಿಜ ಹೇಳದಿದ್ದರೆ ಸಾಯೋದು ಪ್ರಾಣಿ. ಕಾರ್ಡಲ್ಲಿ ಇರೋದು ಅವರ ಮಾತು. ಅವರೇ ಹೇಳು ಅಂದರೆ ಹೇಳು, ಇಲ್ಲದಿದ್ದರೆ ಇಲ್ಲ."

ಅವತ್ತಿನಿಂದ ಚೀಟಿಯಕ್ಕ ಭೂಮಿಯ ಮೇಲಿನ ಎಲ್ಲ ವಿಷಯಕ್ಕೂ ಬಾಯಿ ಹಾಕಿದಳು, ಬೀರುವಿನ ವಿಷಯವೊಂದನ್ನು ಬಿಟ್ಟು.

ಹೀಗಿರುವಾಗ ಒಂದು ದಿನ ಅತ್ತಿಗೆ ಬಂದಳು. ಅತ್ತಿಗೆಯೆಂದರೆ ಅಣ್ಣನ ಹೆಂಡತಿ. ಪಕ್ಕದ ಬೀದಿಯಲ್ಲೇ ಮನೆ, ಮನೆಯ ಹಿಂದೆ ದೊಡ್ಡ ಹಿತ್ತಿಲು, ಕೈ ಧಾರಾಳ, ಬಾಯಿ ಅದಕ್ಕಿಂತ ಧಾರಾಳ. ಶಾಲೆಯ ಡ್ರಿಲ್ ಮೇಷ್ಟ್ರು ನಿವೃತ್ತರಾಗಿ, ಶಾಲೆಯವರು ಕೊಟ್ಟಿದ್ದ ಮನೆ ಬಿಟ್ಟು ಎರಡನೇ ಮಹಡಿಗೆ ಹೋಗುತ್ತಿದ್ದರು. ಅಲ್ಲಿ ಮೇಕೆಗೆ ಜಾಗವಿಲ್ಲ. ಮೊಮ್ಮಗುವಿಗೆ ಮೇಕೆ ಹಾಲು ಒಳ್ಳೆಯದೆಂದು ಅತ್ತಿಗೆ ಅದನ್ನು ಕೊಳ್ಳುವ ಯೋಚನೆ ಮಾಡಿದ್ದಳು.

"ಅಲ್ಲ ಕಣೇ, ಹದಿನೈದು ದಿನಕ್ಕೊಂದು ಸಲ ಮೇಷ್ಟ್ರು ಆ ಮೇಕೆನ ನಿಮ್ಮಲ್ಲಿಗೆ ಕರ್ಕೊಂಡು ಹೋಗೋದನ್ನ ಕಣ್ಣಾರೆ ನೋಡಿದೀನಿ. ಕೇಳಿದ್ರೆ ಲಸಿಕೆ ಅಂತಾರೆ. ಯಾವ ಮೇಕೆಗೆ ಅಷ್ಟು ಲಸಿಕೆ? ಏನಾದ್ರೂ ಕಾಯಿಲೆ ಇದೆಯಾ?"

"ಅದನ್ನ ನಾನು ಹೇಳೋ ಹಾಗಿಲ್ಲ ಅತ್ತಿಗೆ."

"ನಾನೇನು ಹೊರಗಿನವಳಾ?"

"ಆ ಬೀರು ಮುಂದೆ ಎಲ್ಲರೂ ಹೊರಗಿನವರೇ."

"ಇದೆ ಅಂತಾದ್ರೂ ಹೇಳು, ಇಲ್ಲ ಅಂತಾದ್ರೂ ಹೇಳು."

"ಎರಡೂ ಹೇಳಲ್ಲ. ಬೇಕಾದ್ರೆ ಮೇಷ್ಟ್ರನ್ನೇ ಕೇಳಿ."

ಅತ್ತಿಗೆ ಮುಖ ಊದಿಸಿಕೊಂಡು ಹೋದಳು. ಹೋದವಳು ತನ್ನದೇ ಲೆಕ್ಕ ಹಾಕಿದಳು: ಚೆನ್ನಾಗಿದ್ದಿದ್ದರೆ ಚೆನ್ನಾಗಿದೆ ಎನ್ನಲು ಇವಳಿಗೇನು ಕಷ್ಟ? ಒಂದು ಮಾತು ತಡೆಯಲಾರದವಳು ಇಷ್ಟು ಬಿಗಿಯಾಗಿ ಬಾಯಿ ಮುಚ್ಚಿದ್ದಾಳೆಂದರೆ ಒಳಗಿರುವುದು ಭಾರೀ ರೋಗವೇ. ಲೆಕ್ಕವನ್ನು ತನ್ನಲ್ಲೇ ಇಟ್ಟುಕೊಂಡಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಊರ ಬಾಯಿಗೆ ಮುಚ್ಚಳವುಂಟೇ? ಸೋಮವಾರ ಮೇಕೆಗೆ ಕೆಮ್ಮಿತ್ತು, ಮಂಗಳವಾರ ಕ್ಷಯವಾಯಿತು, ಬುಧವಾರದ ಹೊತ್ತಿಗೆ ಮುಟ್ಟಿದರೆ ಮನುಷ್ಯರಿಗೂ ಅಂಟುವ ಹೆಸರಿಲ್ಲದ ರೋಗ. ಕೊಳ್ಳಲು ಬಂದಿದ್ದ ಇನ್ನಿಬ್ಬರೂ ಹಿಂದೆ ಸರಿದರು.

ನಿಜ ಸಂಗತಿ ಏನೆಂದರೆ, ಆ ಮೇಕೆಗೆ ನೆಗಡಿ ಕೂಡ ಆಗಿರಲಿಲ್ಲ. ಒಂದು ವರ್ಷದಲ್ಲಿ ಅದು ಆಸ್ಪತ್ರೆಗೆ ಬಂದದ್ದು ಇಪ್ಪತ್ತೆಂಟು ಸಲ. ಇಪ್ಪತ್ತೆಂಟು ಸಲವೂ ಡಾಕ್ಟರಮ್ಮ ಅದರ ಕಣ್ಣು, ಕೆಚ್ಚಲು, ಹೊಟ್ಟೆ ನೋಡಿ ಒಂದೇ ಮಾತು ಹೇಳಿದ್ದರು, ಚೀಟಿಯಕ್ಕ ಅದನ್ನೇ ಬರೆದಿದ್ದಳು: ಮೇಕೆ ಆರೋಗ್ಯವಾಗಿದೆ. ಯಜಮಾನರಿಗೆ ಧೈರ್ಯ ಹೇಳಲಾಯಿತು. ಆ ಯಜಮಾನರು ಯಾರು? ಸೀಟಿ ಊದಿದರೆ ಮೂರು ಬೀದಿಯ ಆಚೆ ನಡೆಯುವವರೂ ಎಡಗಾಲು ಬಲಗಾಲು ಸರಿಮಾಡಿಕೊಳ್ಳುತ್ತಿದ್ದಂಥ ಮನುಷ್ಯ. ಊರಿನ ಗಂಡಸರಲ್ಲಿ ಅರ್ಧ ಜನ ಅವರ ಕೈಯಲ್ಲಿ ಬಿಸಿಲಿಗೆ ಮೈದಾನ ಸುತ್ತಿದವರು. ಆ ಮೇಷ್ಟ್ರು ಒಳಗೆ ಬಂದು, ಬಾಗಿಲು ಹಾಕಿದೆಯೇ ಎಂದು ನೋಡಿ, ಮೇಕೆಯ ಕಿವಿ ಸವರುತ್ತ, "ಪುಟ್ಟಿ ಇವತ್ತು ಯಾಕೋ ಸಪ್ಪಗಿದ್ದಾಳೆ ಡಾಕ್ಟರೇ" ಎಂದು ಪಿಸುಗುಟ್ಟುತ್ತಿದ್ದರು.

ಗುರುವಾರ ಬೆಳಿಗ್ಗೆ ಮೇಷ್ಟ್ರು ಮೇಜಿನ ಮುಂದೆ ಬಂದು ನಿಂತರು.

"ನಿಮ್ಮ ಅತ್ತಿಗೆಗೆ ಏನು ಹೇಳಿದೆ?"

"ಏನೂ ಹೇಳಲಿಲ್ಲ ಮೇಷ್ಟ್ರೇ."

"ಏನೂ ಹೇಳದೆ ಇಷ್ಟೆಲ್ಲ ಆಯ್ತಾ?"

"ಏನೂ ಹೇಳದೇ ಇದ್ದದ್ದಕ್ಕೇ ಇಷ್ಟೆಲ್ಲ ಆಯ್ತು."

ಮೇಷ್ಟ್ರು ಬೆಂಚಿನ ಮೇಲೆ ಕುಳಿತರು. ಶನಿವಾರ ಮಧ್ಯಾಹ್ನಕ್ಕೆ ಮನೆ ಖಾಲಿಯಾಗಬೇಕು. ಯಾರೂ ಕೊಳ್ಳದಿದ್ದರೆ ಮೇಕೆ ವ್ಯಾಪಾರಿಯ ಗಾಡಿ ಬರುತ್ತದೆ. ಆ ಗಾಡಿ ಹತ್ತಿದ ಮೇಕೆಗಳು ಹಾಲು ಕರೆಸಿಕೊಳ್ಳಲು ಹೋಗುವುದಿಲ್ಲವೆಂಬುದು ಎಲ್ಲರಿಗೂ ಗೊತ್ತು.

ಚೀಟಿಯಕ್ಕನಿಗೆ ಬಿಸಿತುಪ್ಪ ಉಗುಳುವ ಹಾಗೂ ಇಲ್ಲ, ನುಂಗುವ ಹಾಗೂ ಇಲ್ಲ. ಮೇಕೆ ಚೆನ್ನಾಗಿದೆ ಎಂದು ಒಂದು ಮಾತು ಹೇಳಿದರೆ ಅತ್ತಿಗೆ ಕೇಳುವ ಎರಡನೆಯ ಮಾತೇ, ಹಾಗಾದರೆ ಹದಿನೈದು ದಿನಕ್ಕೊಂದು ಸಲ ಯಾಕೆ ಬರುತ್ತಿತ್ತು? ಆ ಪ್ರಶ್ನೆಗೆ ಉತ್ತರ ಮೇಕೆಯಲ್ಲಿಲ್ಲ, ಮೇಷ್ಟ್ರ ಎದೆಯಲ್ಲಿದೆ.

"ನೀವು ಒಪ್ಪಿಗೆ ಕೊಡಿ ಮೇಷ್ಟ್ರೇ. ಕಾರ್ಡು ತೋರಿಸಿಬಿಡ್ತೀನಿ. ಒಂದು ನಿಮಿಷದ ಕೆಲಸ."

"ಬೇಡ!" ಮೇಷ್ಟ್ರು ಎದ್ದುಬಿಟ್ಟರು. "ನನ್ನ ಕೈಯಲ್ಲಿ ಓಡಿದ ಹುಡುಗರ ಮುಂದೆ ತಲೆ ಎತ್ತಿ ನಡೀಬೇಕಲ್ಲ ನಾನು."

ಅವತ್ತು ಮನೆಯಲ್ಲಿ ಚೀಟಿಯಕ್ಕ ಊಟ ಮುಗಿಯುವವರೆಗೆ ತುಟಿ ಬಿಚ್ಚಲಿಲ್ಲ. ಗಂಡ ಹೆದರಿ ಹಣೆ ಮುಟ್ಟಿ ನೋಡಿದ.

ಶನಿವಾರ ಬೆಳಿಗ್ಗೆ ಆಸ್ಪತ್ರೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಸ್ ಡ್ರೈವರ್ ತನ್ನ ದಪ್ಪ ನಾಯಿಯನ್ನು ತಂದಿದ್ದ. ಬ್ಯಾಂಕಿನಲ್ಲಿ ಕೆಲಸ ಮಾಡುವಾಕೆ ಮೊಲದ ಬುಟ್ಟಿ ಹಿಡಿದು ಕುಳಿತಿದ್ದಳು. ಬೆಕ್ಕುಗಳ ಬೆಂಚಿನ ತುದಿಯಲ್ಲಿ ಅತ್ತಿಗೆ, ಮಡಿಲಲ್ಲಿ ಕಿವಿ ತುರಿಸಿಕೊಳ್ಳುವ ಬೆಕ್ಕು. ನಾದಿನಿಯ ಕಡೆ ತಿರುಗಿಯೂ ನೋಡುತ್ತಿಲ್ಲ. ಆಗ ಮೇಷ್ಟ್ರು ಮೇಕೆಯೊಂದಿಗೆ ಒಳಗೆ ಬಂದರು. ಗಾಡಿ ಬರುವ ಮುಂಚೆ ಕೊನೆಯ ಸಲ ತೋರಿಸಿಬಿಡೋಣವೆಂದು ಬಂದದ್ದು.

ಪುಟ್ಟಿಗೆ ಇದ್ಯಾವುದೂ ಗೊತ್ತಿಲ್ಲ. ಅದು ನೇರವಾಗಿ ಹೋಗಿ ಅತ್ತಿಗೆಯ ಮೊಣಕಾಲಿಗೆ ತಲೆ ಉಜ್ಜಿತು. ಅತ್ತಿಗೆಯ ಕೈ ತಾನಾಗಿಯೇ ಅದರ ನೆತ್ತಿಯ ಕಡೆ ಹೋಯಿತು. "ಮುಟ್ಟಬೇಡಿ, ಅಂಟುತ್ತೆ" ಎಂದು ಪಕ್ಕದವರು ಪಿಸುಗುಟ್ಟಿದರು. ಹೋದ ಕೈ ಸರಕ್ಕನೆ ಹಿಂದೆ ಬಂತು.

ಆ ಹಿಂದೆ ಬಂದ ಕೈಯನ್ನು ಮೇಷ್ಟ್ರು ನೋಡಿದರು. ತಮಗೆ ಏನಾದರೂ ಆಗಲಿ, ತಮ್ಮ ಪುಟ್ಟಿಯನ್ನು ಕಂಡು ಯಾರೋ ಅಸಹ್ಯಪಟ್ಟರಲ್ಲ ಎಂಬುದನ್ನು ಆ ಜೀವ ತಡೆಯಲಿಲ್ಲ.

"ಚೀಟಿಯಮ್ಮ, ಕಾರ್ಡು ತೆಗಿ. ಓದು."

"ಇಲ್ಲೇ? ಎಲ್ಲರ ಮುಂದೆ? ಒಪ್ಪಿಗೆಯಿಂದ ಹೇಳ್ತಿದ್ದೀರಾ?"

"ಒಪ್ಪಿಗೆ. ಮೈದಾನದ ಆ ತುದಿಗೆ ಕೇಳೋ ಹಾಗೆ ಓದು."

ಚೀಟಿಯಕ್ಕ ಎದ್ದು ನಿಂತು ಓದಿದಳು. "ಮೇಕೆ ನಿಟ್ಟುಸಿರು ಬಿಟ್ಟಿತೆಂದು ತಂದರು. ಮೇಕೆ ಆರೋಗ್ಯವಾಗಿದೆ. ಯಜಮಾನರಿಗೆ ಧೈರ್ಯ ಹೇಳಲಾಯಿತು. ಮೇಕೆ ತಮ್ಮ ಮುಖ ನೋಡದೆ ಗೋಡೆ ನೋಡುತ್ತಿದೆಯೆಂದು ತಂದರು. ಮೇಕೆ ಆರೋಗ್ಯವಾಗಿದೆ. ಯಜಮಾನರಿಗೆ ಧೈರ್ಯ ಹೇಳಲಾಯಿತು. ಮೇಕೆ ಎಂದಿನಂತೆಯೇ ಇದೆ, ಹಾಗಿರುವುದೇ ಅನುಮಾನವೆಂದು ತಂದರು..."

ಇಪ್ಪತ್ತೆಂಟೂ ಮುಗಿಯಿತು. ಮೇಷ್ಟ್ರು ಅಟೆನ್ಷನ್‌ನಲ್ಲಿ ನಿಂತು ನಗೆ ಏಳುವುದನ್ನೇ ಕಾಯುತ್ತಿದ್ದರು. ಎದ್ದದ್ದು ನಗೆಯಲ್ಲ, ಬಸ್ ಡ್ರೈವರ್. ಒಂದು ಕಾಲದಲ್ಲಿ ತಡವಾಗಿ ಬಂದದ್ದಕ್ಕೆ ಹನ್ನೊಂದು ಸುತ್ತು ಓಡಿದವನು.

"ಅಕ್ಕಾ, ನನ್ನ ನಾಯಿದೂ ಓದಿ. ಒಪ್ಪಿಗೆ ಇದೆ."

ಚೀಟಿಯಕ್ಕ ತೆಗೆದಳು. "ನಾಯಿ ನಿದ್ದೆಯಲ್ಲಿ ಕಾಲಾಡಿಸಿತೆಂದು ತಂದರು. ನಾಯಿ ಆರೋಗ್ಯವಾಗಿದೆ. ಯಜಮಾನರಿಗೆ ಧೈರ್ಯ ಹೇಳಲಾಯಿತು. ಕುಡಿಯಲು ನೀರು ಕೊಡಲಾಯಿತು."

ಈಗ ನಗೆ ಎದ್ದಿತು, ಡ್ರೈವರನದೇ ಎಲ್ಲರಿಗಿಂತ ಜೋರು. "ನಂದೂ ಓದಿ" ಎಂದಳು ಬ್ಯಾಂಕಿನಾಕೆ. ಮೊಲ ಒಂದು ಕ್ಯಾರೆಟ್ ಕಡಿಮೆ ತಿಂದಿತೆಂದು ಆಕೆ ಆಫೀಸಿಗೆ ರಜೆ ಹಾಕಿ ಬಂದಿದ್ದಳು. ಕೋಳಿಯವರದು, ಆಮೆಯವರದು, ಒಬ್ಬೊಬ್ಬರದೂ ಹೊರಬಂತು, ಒಬ್ಬೊಬ್ಬರನ್ನೂ ಚೀಟಿಯಕ್ಕ "ಒಪ್ಪಿಗೆಯಾ?" ಎಂದು ಕೇಳಿಯೇ ಓದಿದಳು. ಗದ್ದಲ ಕೇಳಿ ಡಾಕ್ಟರಮ್ಮ ಕೈಗವಸಿನಲ್ಲೇ ಹೊರಗೆ ಬಂದು ಬಾಗಿಲಿಗೆ ಒರಗಿ ನಿಂತರು. ಚೀಟಿಯಕ್ಕನ ಕಣ್ಣು ತುಂಬಿ ಅಕ್ಷರ ಕಾಣದಂತಾಯಿತು. ಹೆದರುವವನು ತಾನೊಬ್ಬನೇ ಎಂದು ಪ್ರತಿಯೊಬ್ಬರೂ ನಾಚಿಕೊಂಡಿದ್ದ ಊರಿನಲ್ಲಿ, ಎಲ್ಲರೂ ಹೀಗೇ ಎಂದು ಗೊತ್ತಿದ್ದವಳು ಇಷ್ಟು ವರ್ಷ ಅವಳೊಬ್ಬಳೇ. ಹೇಳಲಾಗದೆ ಹೊತ್ತಿದ್ದ ಆ ಸಂತೋಷವನ್ನು ಅವರೇ ಬಂದು ಇಳಿಸಿಕೊಂಡಿದ್ದರು.

"ನನ್ನ ಬೆಕ್ಕಿಂದು ಮಾತ್ರ ಓದಬೇಡ್ವೇ" ಎಂದಳು ಅತ್ತಿಗೆ ಗಾಬರಿಯಿಂದ.

"ನೀವು ಹೇಳದೆ ನಾನು ಮುಟ್ಟಲ್ಲ ಅತ್ತಿಗೆ."

ಅತ್ತಿಗೆ ಬೆಕ್ಕನ್ನು ಕಂಕುಳಲ್ಲಿ ಅವುಚಿಕೊಂಡು ಮೇಜಿನ ಹತ್ತಿರ ಬಂದಳು. ದನಿ ತಗ್ಗಿಸಿ ಹೇಳಿದಳು, "ಅವತ್ತು ನೀನು ಹೇಳಿಬಿಟ್ಟಿದ್ರೆ ನಾನು ಮೇಕೆನೂ ತಗೋತಿದ್ದೆ, ಮೇಷ್ಟ್ರ ಕಥೇನೂ ಮನೆಮನೆಗೆ ಹಂಚ್ತಿದ್ದೆ. ನಕ್ಕೊಂಡೇ ಹಂಚ್ತಿದ್ದೆ ಕಣೇ."

"ಗೊತ್ತು ಅತ್ತಿಗೆ."

ಅತ್ತಿಗೆ ಹೋಗಿ ಮೇಷ್ಟ್ರ ಕೈಯಿಂದ ಹಗ್ಗ ತೆಗೆದುಕೊಂಡಳು. ಇನ್ನೊಂದು ಕೈಯಲ್ಲಿ, ಎಲ್ಲರೂ ನೋಡಲೆಂದೇ, ಪುಟ್ಟಿಯ ನೆತ್ತಿಯನ್ನು ಕಿವಿಯಿಂದ ಕಿವಿಯವರೆಗೆ ಸವರಿದಳು. ಮೇಷ್ಟ್ರು ಪುಟ್ಟಿಯ ಕೊರಳಿನ ಗಂಟು ಸಡಿಲಿಸುತ್ತ ಕೇಳಿದರು:

"ಭಾನುವಾರ ಒಂದು ಗಳಿಗೆ ಬಂದು ನೋಡಿ ಹೋಗಬಹುದಾ ತಾಯಿ?"

"ಭಾನುವಾರ ಯಾಕೆ? ಇವತ್ತು ಸಂಜೆನೇ ಬನ್ನಿ" ಎಂದಳು ಅತ್ತಿಗೆ. "ಇವಳು ನಿಟ್ಟುಸಿರು ಗಿಟ್ಟುಸಿರು ಬಿಟ್ಟರೆ ನನಗೆ ಧೈರ್ಯ ಹೇಳೋರು ಯಾರು?"